ಇಪ್ಪತ್ತನೇ ಪದ, ಹತ್ತೊಂಬತ್ತು ಹೆಜ್ಜೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ರ ಬಂತೆಂದರೆ ವಾಟ್ಸಾಪಿನಲ್ಲಿ ‘ಪಾಸಿಂಗ್ ಪ್ಯಾಕೇಜ್’ ಪಿಡಿಎಫ್‌ಗಳ ಸುಗ್ಗಿ. ಹಲಸೂರಿನ ನಮ್ಮ ಕೆಳಗಿನ ಮನೆ ಹುಡುಗಿಯ ಬಳಿ, ಅಂದ್ರೆ ಅವಳಮ್ಮನ ಫೋನಿನಲ್ಲಿ, ಗಣಿತಕ್ಕೇ ಅಂಥವು ಆರಿವೆ. ಪ್ರಿಪರೇಟರಿಯಲ್ಲಿ ಬಂದದ್ದು 80ಕ್ಕೆ 19. ಫೇಲಾದರೆ ಟೈಲರಿಂಗ್‌ಗೆ ಹಾಕ್ತೀನಿ ಅಂತ ಅಪ್ಪ ಹೇಳಿಯಾಗಿದೆ. ಆಫೀಸ್ ಮುಗಿಸಿ ಬಂದ ಮೇಲೆ ದಿನಾ ಒಂದು ಗಂಟೆ ಅವಳ ಜೊತೆ ಕೂರ್ತೀನಿ.

ಈ ಪ್ಯಾಕೇಜುಗಳ ತೊಂದರೆ ಏನು ಗೊತ್ತಾ? ಥೇಲ್ಸ್ ಪ್ರಮೇಯ ಅವಳಿಗೆ ಮಂತ್ರದ ಹಾಗೆ ಬಾಯಿಪಾಠ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಅಂತ ಹೆಸರಿಟ್ಟೆ, ಪೆನ್ನು ನಿಂತೇ ಹೋಯ್ತು. ಈಗ ದಿನಕ್ಕೊಂದು ಹೊಸ ಅಕ್ಷರ ಹಾಕಿ ಚಿತ್ರ ಬರೆಸ್ತೀನಿ. ಚಿತ್ರ ನೋಡಿ ಸಾಧನೆ ಬರೆಯೋದು ಈಗೀಗ ಬರ್ತಿದೆ.

ಸಮಾಂತರ ಶ್ರೇಢಿಯಲ್ಲೂ ಇದೇ ಕಥೆ. 5, 8, 11 ಹೀಗೆ ಹೋದರೆ ಇಪ್ಪತ್ತನೇ ಪದ ಎಷ್ಟು? ಅವಳ ಉತ್ತರ 65. ಇಪ್ಪತ್ತು ಸಲ ಮೂರು ಕೂಡಿಸಿದ್ದಳು. “ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ. ಸ್ಟೇಷನ್ ಎಷ್ಟು?” “ನಾಲ್ಕು ಅಕ್ಕಾ.” “ಹಲಸೂರಲ್ಲಿ ಹತ್ತಿದ್ರೆ ರೈಲು ಎಷ್ಟು ಸಲ ಮುಂದಕ್ಕೆ ಹೋಗ್ಬೇಕು?” ಬೆರಳು ಮಡಚಿದಳು. “ಮೂರು.” ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ 65 ಹೊಡೆದು 62 ಬರೆದಳು. ಸೂತ್ರದಲ್ಲಿ ಎನ್ ಮೈನಸ್ ಒಂದು ಯಾಕಿದೆ ಅಂತ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಪತ್ರಿಕೆಯ ಲೆಕ್ಕವನ್ನೂ ಹಾಕಿಸಿದೆ. 38 ಪ್ರಶ್ನೆ, ಓದಿಕೊಳ್ಳೋ 15 ನಿಮಿಷ ಸೇರಿ 3 ಗಂಟೆ 15 ನಿಮಿಷ. ಒಂದಂಕದವೇ 16. ಲೆಕ್ಕ ಪೂರ್ತಿ ಬರದಿದ್ರೂ ಸೂತ್ರ ಬರೆದು ಬೆಲೆ ಹಾಕಿದ್ರೆ ಆ ಹಂತಕ್ಕೆ ಅಂಕ ಉಂಟು. ಖಾಲಿ ಬಿಟ್ಟರೆ ಸೊನ್ನೆ. ಇದನ್ನು ಅವಳಿಗೆ ಯಾರೂ ಹೇಳೇ ಇರಲಿಲ್ಲವಂತೆ. ಬರಲ್ಲ ಅನ್ನಿಸಿದ್ದನ್ನೆಲ್ಲ ಬಿಟ್ಟು ಬಂದಿದ್ದಳು.

ಮೊನ್ನೆ ಮೆಟ್ಟಿಲ ಹತ್ರ ಅವಳಪ್ಪ ಸಿಕ್ಕರು. ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ, ಮೊದಲನೇದರಲ್ಲಿ ಹೋದರೂ ಅದೇ ವರ್ಷ ಮತ್ತೆ ಬರೀಬಹುದು ಅಂದೆ. ಅವರಿಗೆ ಗೊತ್ತಿರಲಿಲ್ಲ. “ಇನ್ನೊಂದು ಚಾನ್ಸಾ ಮೇಡಂ? ಅವಳಿಗೆ ಹೇಳ್ಬೇಡಿ, ಓದೋದೇ ನಿಲ್ಲಿಸ್ತಾಳೆ” ಅಂದು ನಕ್ಕರು. ಅವಳಿಗೆ ಮೊದಲೇ ಗೊತ್ತು. ಟೈಲರಿಂಗ್ ಮಾತು ಆಮೇಲೆ ಎತ್ತಿಲ್ಲ ಅಂತ ಅವಳಮ್ಮ ಹೇಳಿದ್ರು.

ನಾಳೆ ನಕ್ಷೆ ಬರೆದು ಸಮೀಕರಣ ಬಿಡಿಸೋದು. ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್ ತರೋಕೆ ಹೇಳಿದ್ದೀನಿ.