ಬೀಪ್ ಎಂದರೆ ಗಾಬರಿ ಬೇಡ

ಮಕ್ಕಳೇ, ಮನೆಯ ಹಳೆಯ ಕಂಪ್ಯೂಟರು ಬೆಳಗ್ಗೆ ಏಳದೆ ಮುಷ್ಕರ ಹೂಡಿದರೆ ‘ಕೆಟ್ಟುಹೋಯ್ತು’ ಎಂದು ತಕ್ಷಣ ತೀರ್ಪು ಕೊಡಬೇಡಿ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಮೊದಲು ನೋಡಿ, ಆಮೇಲೆ ಕೇಳಿ, ಕೊನೆಗೆ ಮುಟ್ಟಿ.

ಬ್ಯಾಂಕಿನಲ್ಲಿ ಕೌಂಟರ್ ತೆರೆಯುವ ಮೊದಲು ನಾವು ಮೊಹರಿನ ದಿನಾಂಕ ತಿರುಗಿಸಿ, ನಗದು ಎಣಿಸಿಕೊಳ್ಳುತ್ತಿದ್ದೆವು. ಕಂಪ್ಯೂಟರೂ ಹಾಗೆಯೇ. ಗುಂಡಿ ಒತ್ತಿದೊಡನೆ ಮೆಮೊರಿ, ಕೀಬೋರ್ಡು, ಡಿಸ್ಕು ಎಲ್ಲ ಹಾಜರಿವೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಇದರ ಹೆಸರು ‘ಪೋಸ್ಟ್’. ಅಂಚೆಗೂ ಇದಕ್ಕೂ ನಂಟಿಲ್ಲ! ಲೆಕ್ಕ ತಪ್ಪಿದರೆ ಬೀಪ್ ಎನ್ನುತ್ತದೆ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಬರೆದಿಟ್ಟುಕೊಳ್ಳಿ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಯಂತ್ರದ ಕೈಪಿಡಿಯಲ್ಲಿರುತ್ತದೆ.

ದೀಪವೇ ಹತ್ತದಿದ್ದರೆ ಗೋಡೆಯ ಸಾಕೆಟ್ಟಿಗೆ ಟೇಬಲ್ ಲ್ಯಾಂಪು ಹಾಕಿ ನೋಡಿ. ಡಬ್ಬದ ಹಿಂದಿನ ವೈರು ಸಡಿಲವಾಗಿದೆಯೇ? ದೀಪ ಹತ್ತಿಯೂ ಪರದೆ ಕಪ್ಪಾಗಿದ್ದರೆ ಮಾನಿಟರ್ ವೈರು ನೋಡಿ. ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ದರೂ ಕೆಲವು ಹಳೆಯ ಯಂತ್ರಗಳು ಏಳುವುದಿಲ್ಲ. ಅದನ್ನು ತೆಗೆದು ಮತ್ತೆ ಚಾಲೂ ಮಾಡಿ.

ಬೀಪ್ ಮೆಮೊರಿಯ ಕಡೆ ಬೆರಳು ತೋರಿದರೆ, ಅದು ದೊಡ್ಡವರ ಕೆಲಸ. ಪ್ಲಗ್ ಕಿತ್ತು, ಡಬ್ಬದ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಮೆಮೊರಿ ಪಟ್ಟಿ ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವಂತೆ ಮತ್ತೆ ಕೂರಿಸಿ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ದಿನಾಂಕ ಪ್ರತಿದಿನ ಹತ್ತಾರು ವರ್ಷ ಹಿಂದಕ್ಕೆ ಓಡುತ್ತಿದೆಯೇ? ಒಳಗಿನ ಬಿಲ್ಲೆ ಬ್ಯಾಟರಿ ದಣಿದಿದೆ. ಸಾಮಾನ್ಯವಾಗಿ ಅದು ಸಿಆರ್ 2032. ಹೆಸರಲ್ಲೇ ಅಳತೆಯಿದೆ: ಅಗಲ 20 ಮಿಲಿಮೀಟರ್, ದಪ್ಪ 3.2. 1981ರ ಐಬಿಎಂ ಪಿಸಿಗೆ ಈ ಬ್ಯಾಟರಿ ಗಡಿಯಾರ ಇರಲಿಲ್ಲ. ಚಾಲೂ ಮಾಡಿದಾಗಲೆಲ್ಲ ತಾರೀಖನ್ನು ನಾವೇ ಹೇಳಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಅದು ಬಂತು.

ಅಜ್ಜ ಅಜ್ಜಿಯರೇ, ಒಂದು ಎಚ್ಚರಿಕೆ. ತೆಗೆದ ಬಿಲ್ಲೆಗೆ ಎರಡೂ ಕಡೆ ಟೇಪು ಸುತ್ತಿ ಎತ್ತಿಡಿ. ಪುಟ್ಟ ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗಬಹುದು. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.

ಕೊನೆಯದು, ಹಾರ್ಡ್ ಡಿಸ್ಕು ‘ಕಟಕಟ’ ಎಂದು ಸದ್ದು ಮಾಡಿದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಬಲ್ಲವರ ಕೈಗೆ ಕೊಟ್ಟು ಮೊದಲು ಒಳಗಿನದನ್ನು ನಕಲು ಮಾಡಿಸಿ. ನಮ್ಮ ಮನೆಯ ಹಳೆಯ ಯಂತ್ರದಲ್ಲಿ ಈಗ ನಮ್ಮೊಂದಿಗಿಲ್ಲದ ನನ್ನಾಕೆ ಒಂದೊಂದೇ ಬೆರಳಿನಲ್ಲಿ ಟೈಪು ಮಾಡಿಟ್ಟ ಹಬ್ಬದಡುಗೆಗಳಿವೆ. ಯಂತ್ರಕ್ಕೆ ಗುಜರಿಯವನು ಬೆಲೆ ಕಟ್ಟಿಯಾನು, ಆ ಹೋಳಿಗೆಗೆ ಕಟ್ಟಲಾರ. ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿದೆ, ಇನ್ನೊಂದು ಮಗಳ ಮನೆಯಲ್ಲಿ.

ನಿಮ್ಮ ಕಂಪ್ಯೂಟರು ಇವತ್ತು ಸರಿಯಾಗಿ ಎದ್ದಿತೇ? ಹಾಗಾದರೆ ನಕಲು ಮಾಡಿಡಲು ಇದೇ ಒಳ್ಳೆಯ ದಿನ.