ಗೊಬ್ಬರದ ಕಲ್ಲಿನಿಂದ ಹಾರಿದ ವಿಮಾನ

ಪೆಸಿಫಿಕ್ ಸಾಗರದ ನೌರು ದೇಶದ ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಆದರೂ 1980ರ ದಶಕದಲ್ಲಿ ಅದರ ‘ಏರ್ ನೌರು’ ಸಂಸ್ಥೆಗೆ ಹಲವು ಜೆಟ್ ವಿಮಾನಗಳಿದ್ದವು! ಹಣದ ಮೂಲ ದ್ವೀಪದ ಫಾಸ್ಫೇಟ್ ಶಿಲೆ. ಇಂಥ ಶಿಲೆಯ ಪುಡಿಗೆ ಸಲ್ಫ್ಯೂರಿಕ್ ಆಮ್ಲ ಬೆರೆಸಿದರೆ ರೈತರಿಗೆ ಗೊತ್ತಿರುವ ಸೂಪರ್ ಫಾಸ್ಫೇಟ್ ಗೊಬ್ಬರ ಸಿದ್ಧ. ಅಗೆದದ್ದೇ ಅಗೆದದ್ದು, ಮಾರಿದ್ದೇ ಮಾರಿದ್ದು. ವಿಮಾನಗಳಲ್ಲಿ ಮಾತ್ರ ಸೀಟುಗಳು ಖಾಲಿ.

ನಿಕ್ಷೇಪ ಕರಗಿದಂತೆ ವಿಮಾನಗಳೂ ಒಂದೊಂದಾಗಿ ಕೈಬಿಟ್ಟವು. 2005ರ ಡಿಸೆಂಬರ್‌ನಲ್ಲಿ, ಉಳಿದಿದ್ದ ಒಂದೇ ಬೋಯಿಂಗ್ 737 ಸಾಲಕ್ಕೆ ಜಪ್ತಿಯಾಯಿತು. ಹಡಗು ದಡಕ್ಕೆ ತಾಗುವಂಥ ಬಂದರೂ ಆಗ ಅಲ್ಲಿರಲಿಲ್ಲ. ಜನ ಹೊರಗೆ ಹೋಗುವುದಾದರೂ ಹೇಗೆ? 2006ರಲ್ಲಿ ತೈವಾನ್ ನೆರವಿನ ವಿಮಾನದೊಡನೆ, ‘ಅವರ್ ಏರ್‌ಲೈನ್’ ಎಂಬ ಹೆಸರಿನಲ್ಲಿ ಸೇವೆ ಮತ್ತೆ ಆರಂಭವಾಯಿತು. 2014ರಲ್ಲಿ ಅದೇ ‘ನೌರು ಏರ್‌ಲೈನ್ಸ್’ ಆಯಿತು. ಅಗೆದ ನಡುನಾಡಿನಲ್ಲಿ ಉಳಿದದ್ದು ಸುಣ್ಣಕಲ್ಲಿನ ಚೂಪು ಕಂಬಗಳು.