ಬ್ರೇಕ್ ಯಾರದೆಂಬ ಜಗಳ, ಯಾರೂ ನೋಡದ ಮೇಜು

ಜೆಡ್ಡಾದಲ್ಲಿ 2025ರ ವಿಶ್ವ ಪೂಲ್ ಚಾಂಪಿಯನ್‌ಷಿಪ್ ಮುಗಿದು, ಫಿಲಿಪ್ಪೀನ್ಸಿನ ಕಾರ್ಲೊ ಬಿಯಾಡೊ ಅವರು ಹಿಂದಿನ ವರ್ಷದ ಚಾಂಪಿಯನ್ ಫೆಡರ್ ಗೋರ್ಸ್ಟ್ ಅವರನ್ನು 15–13ರಿಂದ ಮಣಿಸಿ, 2017ರ ನಂತರ ಎರಡನೆಯ ಸಲ ಪಟ್ಟವೇರಿದ್ದಾಯಿತು. ಹೀಗೆ ಕೊನೆಯವರೆಗೂ ತೂಗಾಡಿದ ಫೈನಲ್ ಮುಗಿದ ಮೇಲೆ ಆಟ ಬಲ್ಲವರ ನಡುವೆ ನಡೆಯಬೇಕಾಗಿದ್ದ ಚರ್ಚೆ ಬೇರೆಯೇ ಇತ್ತು. ನಡೆದದ್ದು ಮಾತ್ರ ವರ್ಷವರ್ಷವೂ ನಡೆಯುವ ಹಳಸಲು ಜಗಳ, ಅಂದರೆ ರ‍್ಯಾಕ್ ಗೆದ್ದವನೇ ಮುಂದಿನ ಬ್ರೇಕ್ ಮಾಡಬೇಕೋ ಅಥವಾ ಇಬ್ಬರೂ ಸರದಿಯಂತೆ ಮಾಡಬೇಕೋ ಎಂಬುದು. ಕನ್ನಡದ ಕ್ರೀಡಾಪುಟಗಳಿಗೆ ಆ ಜಗಳದ ಸೋಂಕೂ ತಾಕಿಲ್ಲ. ಅಲ್ಲಿ ಪೂಲ್ ಸುದ್ದಿ ಬಂದರೆ ಎರಡು ಸಾಲು, ಚಿತ್ರ ಬಂದರೆ ಅದು ಸ್ನೂಕರ್ ಮೇಜಿನದು.

ಈ ಚಾಂಪಿಯನ್‌ಷಿಪ್ ನಡೆಯುವ ನೈನ್-ಬಾಲ್ ಎಂಬ ಪ್ರಕಾರದಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳನ್ನು ವಜ್ರಾಕಾರದಲ್ಲಿ ಜೋಡಿಸಲಾಗುತ್ತದೆ. ಮೇಜಿನ ಮೇಲೆ ಉಳಿದಿರುವುದರಲ್ಲಿ ಅತಿ ಕಡಿಮೆ ಅಂಕಿಯ ಚೆಂಡನ್ನೇ ಬಿಳಿ ಚೆಂಡು ಮೊದಲು ತಾಕಬೇಕೆಂಬುದು ಮೂಲ ಕಟ್ಟಳೆ, ಒಂಬತ್ತನೆಯ ಚೆಂಡನ್ನು ನಿಯಮದಂತೆ ಪಾಕೆಟ್‌ಗೆ ಇಳಿಸಿದವನು ಆ ಸುತ್ತನ್ನು, ಅಂದರೆ ಆ ರ‍್ಯಾಕ್ ಗೆದ್ದಂತೆ. ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತವೇ ಬ್ರೇಕ್. ಅದರಲ್ಲಿ ನಿಯಮಬದ್ಧವಾಗಿ ಒಂದಾದರೂ ಚೆಂಡು ಬಿದ್ದರೆ ಮೇಜು ಹೊಡೆದವನ ಕೈಯಲ್ಲೇ ಉಳಿಯುವುದರಿಂದ, ಈ ಮಟ್ಟದ ಆಟಗಾರನು ಎದುರಾಳಿ ಕುರ್ಚಿ ಬಿಟ್ಟೇಳುವ ಮೊದಲೇ ಒಂಬತ್ತನ್ನೂ ಮುಗಿಸಿಬಿಡುವುದು ಅಪರೂಪವೇನಲ್ಲ. ಗೆದ್ದವನಿಗೇ ಮತ್ತೆ ಬ್ರೇಕ್ ಕೊಡುವುದು ಉಳ್ಳವನಿಗೇ ಮತ್ತಷ್ಟು ಬಡಿಸಿದಂತೆ ಎಂಬ ಆಕ್ಷೇಪ ಹುಟ್ಟಿರುವುದು ಇಲ್ಲಿಂದಲೇ.

ಆಕ್ಷೇಪ ಕೇಳಲು ನ್ಯಾಯವಾಗಿಯೇ ಇದೆ; ಲೆಕ್ಕ ಮಾತ್ರ ಅದರ ಪರವಾಗಿಲ್ಲ. ಒಂಬತ್ತು ರ‍್ಯಾಕ್ ಮೊದಲು ಗೆದ್ದವನಿಗೆ ಜಯ ಎಂಬ ಪಂದ್ಯವೊಂದನ್ನು ತೆಗೆದುಕೊಂಡು, ಮೊದಲ ಬ್ರೇಕ್ ಪಡೆದವನ ಒಂಬತ್ತು ಬ್ರೇಕ್‌ಗಳ ಫಲಿತಾಂಶವನ್ನು ಒಂಬತ್ತು ಚೀಟಿಗಳಲ್ಲೂ ಎದುರಾಳಿಯ ಎಂಟು ಬ್ರೇಕ್‌ಗಳ ಫಲಿತಾಂಶವನ್ನು ಎಂಟು ಚೀಟಿಗಳಲ್ಲೂ ಮೊದಲೇ ಬರೆದಿಟ್ಟಿದೆ ಎಂದು ಭಾವಿಸಬಹುದು. ಸರದಿಯ ಪದ್ಧತಿಯಲ್ಲಿ ಎರಡೂ ಕಟ್ಟುಗಳಿಂದ ಒಂದೊಂದಾಗಿ ಚೀಟಿ ತೆರೆಯಲಾಗುತ್ತದೆ. ಗೆದ್ದವನ ಬ್ರೇಕ್ ಪದ್ಧತಿಯಲ್ಲಿ ಹಿಂದಿನ ರ‍್ಯಾಕ್ ಗೆದ್ದವನ ಕಟ್ಟಿನಿಂದ ತೆರೆಯಲಾಗುತ್ತದೆ. ಎರಡನೆಯ ಪದ್ಧತಿಯಲ್ಲಿಯೂ ಮೊದಲನೆಯವನಿಗೆ ಹತ್ತನೆಯ ಬ್ರೇಕ್ ಸಿಗುವ ಸಂದರ್ಭವೇ ಇಲ್ಲ, ಏಕೆಂದರೆ ಅದನ್ನು ಪಡೆಯಲು ಅವನು ಆಗಲೇ ಒಂಬತ್ತು ಗೆದ್ದಿರಬೇಕು, ಒಂಬತ್ತು ಗೆದ್ದರೆ ಪಂದ್ಯವೇ ಮುಗಿದಿರುತ್ತದೆ. ಎದುರಾಳಿಗೆ ಒಂಬತ್ತನೆಯ ಬ್ರೇಕ್ ಸಿಗದಿರುವುದಕ್ಕೂ ಇದೇ ಕಾರಣ. ಹೀಗಾಗಿ ಹದಿನೇಳು ಚೀಟಿಗಳನ್ನು ಯಾವ ಕ್ರಮದಲ್ಲಿ ತೆರೆದರೂ ಅವುಗಳಲ್ಲಿ ಒಂಬತ್ತು ಯಾರ ಹೆಸರಿನಲ್ಲಿವೆಯೋ ಅವನೇ ಗೆಲ್ಲುತ್ತಾನೆ. ರ‍್ಯಾಕ್‌ನ ಫಲಿತಾಂಶವು ಬ್ರೇಕ್ ಯಾರದೆಂಬುದನ್ನಷ್ಟೇ ಅವಲಂಬಿಸಿದೆ ಎಂದು ಒಪ್ಪಿದರೆ, ಎರಡೂ ಪದ್ಧತಿಗಳಲ್ಲಿ ಇಬ್ಬರ ಗೆಲುವಿನ ಸಾಧ್ಯತೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕುಳಿತು ಕುಳಿತು ತೋಳು ತಣ್ಣಗಾಗುವುದು, ಗೆಲ್ಲುತ್ತಿರುವವನಿಗೆ ಹುಮ್ಮಸ್ಸು ಏರುವುದು ಈ ಲೆಕ್ಕದಾಚೆಗಿನ ಮಾತು, ನಿಜ. ಆದರೆ ಜಗಳವಾಡುವವರು ಆಡುತ್ತಿರುವುದು ಮನಸ್ಸಿನ ಮಾತಲ್ಲ, ನ್ಯಾಯದ ಮಾತು.

ಬದಲಾಗುವುದು ನೋಟ. ಅಮೆರಿಕದ ಡಲ್ಲಾಸ್‌ನಲ್ಲಿ 1996ರಲ್ಲಿ ನಡೆದ ಒಂದು ಪಂದ್ಯಾವಳಿಯಲ್ಲಿ, ಸತತ ಹತ್ತು ರ‍್ಯಾಕ್‌ಗಳನ್ನು ಎದುರಾಳಿಗೆ ಮೇಜು ಬಿಟ್ಟುಕೊಡದೆ ಮುಗಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದು ಘೋಷಿಸಲಾಗಿತ್ತು. ಆಗದ ಕೆಲಸಕ್ಕೆ ಬಹುಮಾನ ಕಟ್ಟುವುದು ಸುಲಭವೆಂದು ತಿಳಿದಿದ್ದ ಸಂಘಟಕರ ಎದುರಿಗೇ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅದನ್ನು ಮಾಡಿ ತೋರಿಸಿದರು, ಮತ್ತು ಆ ಹಣದ ವಿಷಯದಲ್ಲಿ ವಿಮಾ ಕಂಪನಿಯೊಡನೆ ವ್ಯಾಜ್ಯ ಹುಟ್ಟಿ ಕೊನೆಗೆ ರಾಜಿಯಲ್ಲಿ ಮುಗಿಯಿತು. ಪೂಲ್ ಇತಿಹಾಸ ಬಲ್ಲವರು ಇಂದಿಗೂ ಕಣ್ಣರಳಿಸಿ ಹೇಳುವ ಈ ಪ್ರಸಂಗ ಸರದಿಯ ಬ್ರೇಕ್ ಇದ್ದಿದ್ದರೆ ಘಟಿಸುತ್ತಲೇ ಇರಲಿಲ್ಲ. ನ್ಯಾಯದ ದೃಷ್ಟಿಯಿಂದ ಎರಡೂ ಸಮವಾಗಿರುವಾಗ ಇಂಥ ದೃಶ್ಯಕ್ಕೆ ಅವಕಾಶವಿರುವ ಪದ್ಧತಿಯನ್ನು ಬಿಟ್ಟುಕೊಡುವುದು ಜಾಣತನವಲ್ಲ. ಬ್ರೇಕ್ ಮಾಡುವವನಿಗೆ ತೀರಾ ಅನುಕೂಲವಾಗುತ್ತಿದೆ ಎಂದಾದರೆ ತಿದ್ದಬೇಕಾದುದು ಜೋಡಣೆಯನ್ನು, ಮತ್ತು ಈ ಚಾಂಪಿಯನ್‌ಷಿಪ್ ನಡೆಸುವ ಮ್ಯಾಚ್‌ರೂಮ್ ಸಂಸ್ಥೆ ಅದನ್ನು ಮಾಡಿಯೂ ಇದೆ: ಮೇಜಿನ ಮೇಲಿನ ಗುರುತಿನ ಮೇಲೆ ಮುಂಚೂಣಿಯ ಒಂದನೆಯ ಚೆಂಡಿನ ಬದಲು ನಡುವಿನ ಒಂಬತ್ತನೆಯದನ್ನು ಇಟ್ಟರೆ ಇಡೀ ಜೋಡಣೆ ಹೊಡೆಯುವವನ ಕಡೆಗೆ ಸುಮಾರು 10 ಸೆಂಟಿಮೀಟರ್ ಸರಿದು, ಅಂಚಿನ ಚೆಂಡು ಮೂಲೆಯ ಪಾಕೆಟ್‌ಗೆ ಹೇಳಿಟ್ಟಂತೆ ಹೋಗಿ ಬೀಳುವುದು ನಿಲ್ಲುತ್ತದೆ.

ಆಟವನ್ನು ಟಿವಿಗಾಗಿ ಕತ್ತರಿಸುವುದರ ಬಗ್ಗೆ ಈ ಅಂಕಣಕ್ಕೆ ಹಳೆಯ ತಕರಾರೊಂದಿದೆ, ಓದುಗರು ಅದನ್ನು ಮತ್ತೊಮ್ಮೆ ಸಹಿಸಿಕೊಳ್ಳಬೇಕು. ಬಿಲಿಯರ್ಡ್ಸ್‌ನಲ್ಲಿ ನಿಗದಿತ ಸಮಯದೊಳಗೆ ಹೆಚ್ಚು ಅಂಕ ಗಳಿಸುವ ಪ್ರಕಾರದ ಪಕ್ಕದಲ್ಲಿ, 150 ಅಂಕಕ್ಕೆ ಒಂದೊಂದು ಗೇಮ್ ಮುಗಿಯುವ ಚುಟುಕು ಪ್ರಕಾರವನ್ನೂ ವಿಶ್ವ ಚಾಂಪಿಯನ್‌ಷಿಪ್ ಮಟ್ಟಕ್ಕೆ ಏರಿಸಲಾಯಿತು. ಬೆಂಗಳೂರಿನ ಪಂಕಜ್ ಅಡ್ವಾಣಿ 2005, 2008, 2014 ಮತ್ತು 2018ರಲ್ಲಿ ಒಂದೇ ವರ್ಷ ಎರಡೂ ಪ್ರಶಸ್ತಿಗಳನ್ನು ಗೆದ್ದು, ನಿಜವಾದ ಆಟಗಾರನಿಗೆ ಪ್ರಕಾರ ಅಡ್ಡಿಯಲ್ಲವೆಂದು ತೋರಿಸಿದ್ದು ಸರಿಯೇ. ಆದರೆ 1992ರಲ್ಲಿ ಗೀತ್ ಸೇಠಿ ಒಮ್ಮೆ ಮೇಜಿಗೆ ಬಂದವರು ಒಂದೇ ಸರಣಿಯಲ್ಲಿ ಗಳಿಸಿದ 1276 ಅಂಕಗಳಂಥದ್ದು 150ಕ್ಕೆ ಮುಗಿದುಹೋಗುವ ಗೇಮ್‌ನಲ್ಲಿ ಎಲ್ಲಿಂದ ಬರಬೇಕು? ಪ್ರೇಕ್ಷಕನಿಗೆ ತಾಳ್ಮೆಯಿಲ್ಲವೆಂದು ಪ್ರೇಕ್ಷಕನನ್ನು ಕೇಳದೆಯೇ ತೀರ್ಮಾನಿಸಲಾಯಿತು. ತೀರ್ಮಾನಿಸಿದ ಮೇಲೆ ಪ್ರೇಕ್ಷಕರ ದಂಡೇನೂ ಬಿಲಿಯರ್ಡ್ಸ್ ಹಾಲಿಗೆ ನುಗ್ಗಿ ಬಂದಂತೆ ಕಾಣಲಿಲ್ಲ.

ಪೂಲ್‌ನಲ್ಲಿ ಕತ್ತರಿ ಬಿದ್ದಿರುವುದು ಪಂದ್ಯದ ಉದ್ದದ ಮೇಲೆ. ನೂರು ರ‍್ಯಾಕ್‌ಗಳಲ್ಲಿ ಸರಾಸರಿ 55ನ್ನು ಗೆಲ್ಲುವಷ್ಟು ಮೇಲುಗೈಯಿರುವ ಆಟಗಾರ, ಮೊದಲು ಒಂಬತ್ತು ರ‍್ಯಾಕ್ ಗೆಲ್ಲಬೇಕಾದ ಪಂದ್ಯವನ್ನು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 66 ಮಾತ್ರ, ಅಂದರೆ ಮೂರರಲ್ಲಿ ಒಂದು ಸಲ ತನಗಿಂತ ಕಡಿಮೆಯವನೆದುರು ಅವನು ಸೋತು ಹೊರಬೀಳುತ್ತಾನೆ. ಹದಿನೈದು ರ‍್ಯಾಕ್‌ಗೆ ಏರಿಸಿದರೆ ಅದು 70ರ ಆಸುಪಾಸಿಗೆ ಬರುತ್ತದೆ, ಇಪ್ಪತ್ತೈದಕ್ಕೆ ಏರಿಸಿದರೂ 76ನ್ನು ದಾಟುವುದಿಲ್ಲ. ತೈವಾನಿನ ಕಾವೊಶುಂಗ್‌ನಲ್ಲಿ 2005ರಲ್ಲಿ ನಡೆದ ವಿಶ್ವ ಫೈನಲ್ ಹದಿನೇಳು ರ‍್ಯಾಕ್‌ನದಾಗಿತ್ತು, ಹದಿನಾರು ವರ್ಷದ ವು ಜಿಯಾ-ಚಿಂಗ್ 12–16ರಿಂದ ಹಿಂದೆ ಬಿದ್ದಿದ್ದವನು 17–16ರಿಂದ ಗೆದ್ದ. ಅಂಥ ತಿರುವಿಗೆ ಜಾಗವೂ ಬೇಕು, ಹೊತ್ತೂ ಬೇಕು.

ಉದ್ದ ಹೆಚ್ಚಿಸುವುದಕ್ಕೂ ಮಿತಿಯಿದೆಯೆಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಹಾಗಾದರೆ ಚಿಕ್ಕ ಪಂದ್ಯಗಳ ಈ ಜೂಜಿನಿಂದ ಒಳ್ಳೆಯ ಆಟಗಾರನನ್ನು ಕಾಪಾಡುವುದು ಯಾವುದು? ಎರಡು ಸೋಲಿನ ಪದ್ಧತಿ. ಇದರಲ್ಲಿ ಚಾಂಪಿಯನ್‌ಷಿಪ್‌ನ 128 ಆಟಗಾರರಲ್ಲಿ ಯಾರೂ ಒಂದೇ ಸೋಲಿಗೆ ಹೊರಬೀಳುವುದಿಲ್ಲ; ಸತತ ಎರಡು ಪಂದ್ಯ ಗೆದ್ದ 32 ಮಂದಿ ನೇರವಾಗಿ 64ರ ಘಟ್ಟ ತಲುಪಿದರೆ, ಒಮ್ಮೆ ಸೋತವರೆಲ್ಲ ಸೋತವರ ವಿಭಾಗಕ್ಕೆ ಇಳಿದು, ಅಲ್ಲಿ ಎರಡನೆಯ ಸೋಲುಂಡವರು ಮನೆಗೆ ಹೋಗಿ, ಉಳಿದ 32 ಮಂದಿ ಅದೇ ಘಟ್ಟಕ್ಕೆ ಏರಿ ಬರುತ್ತಾರೆ. ಮೂರರಲ್ಲಿ ಒಂದು ಸಲ ಸೋಲುವವನು ಎರಡು ಪಂದ್ಯಗಳನ್ನು ಬೆನ್ನುಬೆನ್ನಿಗೆ ಸೋಲುವ ಸಾಧ್ಯತೆ ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಈ ರಕ್ಷಣೆ 64ರ ಘಟ್ಟದಲ್ಲಿ ಕೊನೆಗೊಂಡು, ಅಲ್ಲಿಂದ ಮುಂದೆ ಒಂದು ಸೋಲಿಗೇ ನಿರ್ಗಮನವೆಂಬ ನಿಯಮ ಬರುತ್ತದೆ. ಪ್ರಶಸ್ತಿಗೆ ಆರು ಪಂದ್ಯಗಳನ್ನು ಸಾಲಾಗಿ ಗೆಲ್ಲಬೇಕು, ಮೇಲೆ ಹೇಳಿದಷ್ಟು ಮೇಲುಗೈ ಎಲ್ಲರ ಮೇಲೂ ಇರುವವನಿಗೂ ಅದು ಕೈಗೂಡುವುದು ಹತ್ತರಲ್ಲಿ ಒಂದು ಸಲ. ಬದಲಾಯಿಸಲೇಬೇಕೆಂದಿದ್ದರೆ ಬದಲಾಯಿಸಬೇಕಾದುದು ಇದನ್ನು: ಎರಡನೆಯ ಅವಕಾಶವನ್ನು 16ರ ಘಟ್ಟದವರೆಗಾದರೂ ಎಳೆದುಕೊಂಡು ಹೋದರೆ ವಾರದ ವೇಳಾಪಟ್ಟಿಯೇನೂ ಮುರಿದುಬೀಳುವುದಿಲ್ಲ.

ಸೋತವರ ವಿಭಾಗದ ಮಹತ್ವ ಇಷ್ಟಿದ್ದರೂ ಬಿತ್ತರಣೆಯ ಕತೆ ಅದಕ್ಕೆ ತದ್ವಿರುದ್ಧ. ದೀಪ, ಕ್ಯಾಮೆರಾ, ವೀಕ್ಷಕ ವಿವರಣೆಯೆಲ್ಲ ಮುಖ್ಯ ಮೇಜಿನ ಸುತ್ತಲೇ ನೆರೆದು, ಹೆಸರುವಾಸಿ ಆಟಗಾರನೊಬ್ಬ ಅಪರಿಚಿತನನ್ನು ಏಕಪಕ್ಷೀಯವಾಗಿ ಸೋಲಿಸುವುದನ್ನು ತಾಸುಗಟ್ಟಲೆ ತೋರಿಸುವ ಹೊತ್ತಿನಲ್ಲಿ, ಸಭಾಂಗಣದ ಹಿಂದಿನ ಸಾಲಿನ ಮೇಜಿನಲ್ಲಿ ಸೋತವರ ವಿಭಾಗದ ಪಂದ್ಯವೊಂದು 8–8ಕ್ಕೆ ಬಂದು ನಿಂತಿರುತ್ತದೆ. ಒಬ್ಬನು ಕ್ಯೂ ತುದಿಗೆ ಸೀಮೆಸುಣ್ಣ ತಿಕ್ಕುತ್ತ ಅರ್ಧ ನಿಮಿಷ ಕಳೆಯುತ್ತಾನೆ, ಇನ್ನೊಬ್ಬನು ಟವೆಲಿನಲ್ಲಿ ಅಂಗೈ ಒರೆಸಿಕೊಂಡು ಮತ್ತೆ ಒರೆಸಿಕೊಳ್ಳುತ್ತಾನೆ. ಸೋತವನಿಗೆ ಆ ರಾತ್ರಿಯೇ ವಿಮಾನ. ನೋಡುಗನ ಪಾಲಿಗೆ ಅದು ಅಂಕಪಟ್ಟಿಯ ಮೂಲೆಯಲ್ಲಿ ಬದಲಾಗುವ ಒಂದು ಅಂಕಿ ಮಾತ್ರ. ಅಂತಿಮ 64ರಲ್ಲಿ ಅರ್ಧದಷ್ಟು ಜನರನ್ನು ಕಳಿಸಿಕೊಡುವ ವಿಭಾಗಕ್ಕೆ ಸಿಗುವ ಮರ್ಯಾದೆ ಇಷ್ಟು.

ಇಲ್ಲಿನ ಕ್ರೀಡಾ ಸಂಪಾದಕರನ್ನು ಕೇಳಿದರೆ ಸಿಗುವ ಸಮಜಾಯಿಷಿ ಸಿದ್ಧವಾಗಿಯೇ ಇದೆ: ಸೋತವನು ಮತ್ತೆ ಆಡುವುದು, ಒಂದು ಸೋಲು, ಎರಡು ಸೋಲು, ಇದೆಲ್ಲ ನಮ್ಮ ಓದುಗರಿಗೆ ಅರ್ಥವಾಗುವುದಿಲ್ಲ. ಐಪಿಎಲ್ ಪ್ಲೇಆಫ್‌ನಲ್ಲಿ ಮೊದಲ ಕ್ವಾಲಿಫೈಯರ್ ಸೋತ ತಂಡ ಮತ್ತೊಂದು ಪಂದ್ಯ ಆಡುವುದು ಇದೇ ತತ್ತ್ವದ ಮೇಲೆಂಬುದು ಹಾಗಿರಲಿ. ಆರ್‌ಸಿಬಿ ಮೇಲೆ ಬರಬೇಕಾದರೆ ಯಾವ ತಂಡ ಯಾವ ತಂಡವನ್ನು ಎಷ್ಟು ಓವರಿನೊಳಗೆ ಸೋಲಿಸಬೇಕೆಂದು ಹದಿನೇಳು ವರ್ಷ ನೆಟ್ ರನ್ ರೇಟಿನ ಲೆಕ್ಕ ಹಾಕಿ ಪಳಗಿದ ಕನ್ನಡ ಓದುಗನಿಗೆ ಸೋತವರ ವಿಭಾಗ ಅರ್ಥವಾಗದೆಂದು ನಂಬಬೇಕಾದರೆ ಕ್ರೀಡಾ ಸಂಪಾದಕನೇ ಆಗಿರಬೇಕು.